ಡಲ್ಸಿ ಹೊಡೆದ ಗೂಟ

ಅನಾಕಿಯ ನೀಲಮಣಿ ಅಗೆಯುವ ಬಯಲಿನಲ್ಲಿ ಡಲ್ಸಿ ಟ್ರೆಂಬಾತ್‌ಗೆ ‘ಗೂಡು ಎಳೆಯುವ ಹುಚ್ಚಿ’ ಎಂದೇ ಹೆಸರು. ಗಂಡ ವಾಲ್, ಮೈದುನ ಹರ್ಬ್ ಇಬ್ಬರೂ ಯಾರಿಗೋ ಕಲ್ಲು ಸಿಕ್ಕಿತಂತೆ ಎಂದು ಕೇಳಿದ ಕಡೆಗೆಲ್ಲ ಓಡಿ, ಪಕ್ಕದಲ್ಲೇ ಗುಂಡಿ ತೋಡಿ, ಬರಿಗೈಯಲ್ಲಿ ಬಂದು ಊಟಕ್ಕೆ ಕೂರುತ್ತಿದ್ದರು. ಅವರು ಹೊತ್ತು ತಂದ ಗರಸನ್ನು ಜರಡಿಯಲ್ಲಿ ತೊಳೆಯುವುದು, ಕೆಸರು ಮೆತ್ತಿದ ಅಂಗಿ ಒಗೆಯುವುದು, ಕುರಿಮಾಂಸ ಬೇಯಿಸುವುದು ಡಲ್ಸಿಯ ಪಾಲು. ಅದನ್ನು ಯಾರೂ ಗಣಿ ಕೆಲಸ ಎನ್ನುತ್ತಿರಲಿಲ್ಲ.

ಕೋಳಿ ಕೊಯ್ದು ಹಸನು ಮಾಡುವುದೂ ಅವಳದೇ. ನೆಲ ಕೆದರಿ ನುಂಗಿದ ಹರಳೆಲ್ಲ ಕೋಳಿಯ ಹೊಟ್ಟೆಯಲ್ಲಿ, ಕಾಳು ಅರೆಯುವ ಗಟ್ಟಿ ಚೀಲದೊಳಗೆ ಕೂತಿರುತ್ತದೆ. ಎದೆ, ತೊಡೆ ತಿನ್ನುವವರಿಗೆ ಅದು ಕಾಣುವುದೆಲ್ಲಿಂದ? ಬರೀ ಬಿಳಿ ಹರಳಿದ್ದರೆ ಆ ನೆಲ ದಂಡ. ಗಾಜಿನಂತೆ ಮಿರುಗುವ ಕರಿಕಲ್ಲು ಸಿಕ್ಕರೆ ನೀಲ ದೂರವಿಲ್ಲ. ಎರಡೂ ಭಾರದ ಕಲ್ಲು, ಹಳೇ ಹೊಳೆ ಅವನ್ನು ಒಟ್ಟಿಗೇ ಇಳಿಸಿ ಹೋಗಿರುತ್ತದೆ. ಇದು ತಿಳಿದ ಮೇಲೆ ಡಲ್ಸಿ ಕೋಳಿಗೂಡನ್ನು ಒಂದು ಕಡೆ ನಿಲ್ಲಗೊಡಲಿಲ್ಲ. ಉರುಟು ಬೆಣಚುಕಲ್ಲು ಚೆಲ್ಲಿದ ಜಾಗ ಕಂಡಲ್ಲಿಗೆ ಹಗ್ಗ ಹಾಕಿ ಎಳೆದೊಯ್ದಳು. ಕೋಳಿಗಳು ಕೆದರಿದವು, ಅವಳು ಕೊಯ್ದಳು, ಜನ ನಕ್ಕರು.

ಒಂದು ಭಾನುವಾರ ಕೊಯ್ದ ಕೋಳಿಯ ಚೀಲದಲ್ಲಿ ಕರಿಕಲ್ಲುಗಳ ನಡುವೆ ಹೆಸರುಕಾಳಿನಷ್ಟು ನೀಲಿ ಹೊಳೆಯಿತು. ಖುಷಿಗೆ ಅಲ್ಲೇ ಗಂಡಸರ ಮುಂದೆ ಮೇಜಿನ ಮೇಲಿಟ್ಟಳು.

ವಾಲ್ ಎದ್ದು ನಿಂತ. “ಗೂಡು ಎಲ್ಲಿತ್ತೇ?”

“ಬೂದು ಬಂಡೆಗಳ ಕೆಳಗೆ. ಬತ್ತಿದ ಹೊಳೆ ತಿರುಗೋ ಕಡೆ.”

“ಹರ್ಬ್, ಉಂಡ ತಕ್ಷಣ ಹೋಗಿ ಗೂಟ ಹೊಡಿಯೋಣ. ಮೊದಲು ಹೆಸರು ಕೆತ್ತಿ ಹೊಡೆದ್ರೆ ನೆಲ ನಮ್ದೇ. ನಿನ್ನ ಹೆಸರು, ನನ್ನ ಹೆಸರು.”

“ನನ್ನ ಹೆಸರು?” ಡಲ್ಸಿ ಕೇಳಿದಳು.

ಹರ್ಬ್ ನಕ್ಕ. “ಕೋಳಿ ಹೆಸರೂ ಸೇರಿಸ್ಬಿಡೋಣ! ಕಂಡುಹಿಡಿದಿದ್ದು ಅದೇ ಅಲ್ವಾ?”

“ನಿಂಗ್ಯಾಕೆ ಡಲ್ಸಿ ಮಣ್ಣಿನ ಸಹವಾಸ? ಮೊದಲು ಕೋಳಿ ಬೇಯ್ಸು, ಹೊಟ್ಟೆ ಚುರುಗುಡ್ತಿದೆ,” ಎಂದ ವಾಲ್.

“ಇಷ್ಟು ವರ್ಷ ನಿಮ್ಮ ಮಣ್ಣು ತೊಳೆದೋಳಿಗೆ ಈಗ ಮಣ್ಣಿನ ಸಹವಾಸ ಬೇಡ್ವಾ?”

ಅವರಿಬ್ಬರೂ ಚಹಾ ಬಗ್ಗಿಸಿಕೊಂಡರು. ಡಲ್ಸಿ ಚಾಕು, ಕೊಡಲಿ ಹಿಡಿದು ಹೊರಬಿದ್ದಾಗ ಸೌದೆಗೆ ಹೋದಳೆಂದುಕೊಂಡರು.

ಅವಳು ಹೊರಗಿದ್ದ ಗುದ್ದಲಿಯನ್ನೂ ಎತ್ತಿಕೊಂಡು ನೆಟ್ಟಗೆ ಬೂದು ಬಂಡೆಗಳ ಬಳಿಗೆ ನಡೆದಳು. ಗೂಡಿನ ನಾಲ್ಕು ಮೂಲೆಯ ಕಂಬ ಕಿತ್ತಳು, ಕೋಳಿಗಳು ದಿಕ್ಕಾಪಾಲಾದವು. ಕೋಳಿ ಕೊಯ್ಯುವ ಚಾಕುವಿನಲ್ಲೇ ಒಂದೊಂದು ಕಂಬದ ಮೇಲೂ ತನ್ನ ಹೆಸರು ಕೆತ್ತಿ, ಕೊಡಲಿಯ ಹಿಂಬದಿಯಿಂದ ನಾಲ್ಕನ್ನೂ ನೆಲಕ್ಕೆ ಬಡಿದಳು.

ಊಟ ಬಾರದ್ದನ್ನು ಕಂಡು ಗಂಡಸರು ಹುಡುಕಿಕೊಂಡು ಬಂದಾಗ ಅವಳಾಗಲೇ ಮೊಣಕಾಲುದ್ದ ಅಗೆದಿದ್ದಳು.

“ಏನಿದು ಆಟ?” ವಾಲ್ ಒಂದು ಗೂಟಕ್ಕೆ ಕೈ ಹಾಕಿದ.

“ಕೀಳು. ಇನ್ನೊಬ್ಬರ ಗೂಟ ಕಿತ್ತೋನು ಅಂತ ಊರಿಗೆ ಹೇಳ್ತೀನಿ. ಆಮೇಲೆ ಈ ಬಯಲಲ್ಲಿ ನಿಂಗೆ ಯಾರು ಒಂದು ಗುಟುಕು ಚಹಾ ಕೊಡ್ತಾರೆ, ನಾನೂ ನೋಡ್ತೀನಿ.”

“ಬಿಡೋ ವಾಲ್,” ಹರ್ಬ್ ತಗ್ಗಿದ ದನಿಯಲ್ಲಿ ಹೇಳಿದ. “ಅದೊಂದು ಮಾಡ್ಬೇಡ.”

ವಾಲ್‌ನ ಕೈ ಸಡಿಲವಾಯಿತು. “ನಾನು ನಿನ್ನ ಗಂಡ ಕಣೇ!”

“ಹೌದು. ಗೂಟ ಮಾತ್ರ ನಂದು. ಬೇಕಿದ್ರೆ ಕೂಲಿಗೆ ಬಾ, ಜರಡಿ ಹಿಡಿಯೋ ಕೆಲಸ ಖಾಲಿ ಇದೆ.”

ವಾಲ್ ಮನೆ ಕಡೆ ತಿರುಗಿ ನೋಡಿದ. “ಮತ್ತೆ ಕೋಳಿ ಬೇಯ್ಸೋದು?”

“ಮನೇಲಿ ಎರಡು ಜೊತೆ ಕೈ ಬಿಡುವಾಗಿದೆಯಲ್ಲ.”

“ಉಪ್ಪೆಲ್ಲಿಟ್ಟಿದೀಯ ಅಂತ ನಂಗೇನು ಗೊತ್ತು?”

“ಹುಡುಕು,” ಎಂದು ಡಲ್ಸಿ ಮತ್ತೆ ಗುದ್ದಲಿ ಎತ್ತಿದಳು.