ನಾಗಮ್ಮ ಹೇಳದ ಮಾತು

ನಾಗಮ್ಮ, ನಿನ್ನ ಭಾವನನ್ನು ಜೈಲಿಗೆ ಕಳಿಸಿದ ಆ ಮಾತು ನಿನ್ನದಲ್ಲ, ನನ್ನದು. ನೀನು ಹೇಳದೇ ಇದ್ದುದನ್ನು ನಿನ್ನ ಹೆಸರಿನಲ್ಲಿ ಬರೆದವಳು ನಾನು. ಹದಿನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಆ ದಿನ ನೀನು ಬಳಗಾನೂರಿನ ಮೊದಲ ಬಸ್ಸಿಗೆ ಸಿಂಧನೂರಿಗೆ ಬಂದು, ಸೆರಗಿಗೆ ಹತ್ತಿದ ರಕ್ತ ಸಮೇತ ನಮ್ಮ ವರಾಂಡದಲ್ಲಿ ಕೂತಿದ್ದೆ. ನಿನ್ನ ಗಂಡ ಅಮರೇಶಪ್ಪ ಆಸ್ಪತ್ರೆಯಲ್ಲಿ ಮಾತಿಲ್ಲದೆ ಮಲಗಿದ್ದ.

"ಕಾಲುವಿ ನೀರಿಗೆ ಅಣ್ಣ ತಮ್ಮ ಜಗಳಾಡಿದ್ರು ರೀ ಟೀಚರಮ್ಮ. ಒಂದ ಸಲಿಕಿ ಇಬ್ರೂ ಜಗ್ಗ್ಯಾಡಿದ್ರು, ಜಾರಿ ಇವರ ತಲಿಗೆ ಬಡೀತು. ಭಾವ ಬೇಕಂತ ಹೊಡದಿಲ್ರಿ. ದವಾಖಾನ್ಯಾಗ ಪೊಲೀಸರ ಕಾಗದ ಕೇಳಾಕತ್ತಾರ. ನಡದದ್ದು ನಡದಂಗ ಇಂಗ್ಲಿಷ್‌ನ್ಯಾಗ ಬರಕೊಡ್ರಿ, ಸ್ಟೇಷನ್ನಾಗ ಕಿಮ್ಮತ್ತು ಇರ್ತದ."

ಬರೆದೆ. ಕಾನ್ವೆಂಟಿನ ಸಿಸ್ಟರ್ ನನ್ನ ಕಾಂಪೋಸಿಷನ್ ಓದಿ "ಮೇಕ್ ಇಟ್ ಸ್ಟ್ರಾಂಗ್, ಚೈಲ್ಡ್" ಎನ್ನುತ್ತಿದ್ದರು — ಆ ಚಟ ಕೈಯಿಂದ ಹೋಗಿರಲಿಲ್ಲ. ಕೊಲ್ಲುವ ಉದ್ದೇಶದಿಂದಲೇ ಹೊಡೆದ ಎಂದು ಸೇರಿಸಿದೆ. ವಿತ್ ಇಂಟೆನ್ಷನ್ ಟು ಕಿಲ್ — ಎಷ್ಟು ಘನವಾಗಿ ಕಂಡಿತ್ತು ನನಗೆ! ನಿನಗೆ ಓದಿ ಹೇಳಲಿಲ್ಲ. ನೀನು ಹೆಬ್ಬೆಟ್ಟು ಒತ್ತಿದೆ, ನನ್ನ ಕಾಲು ಮುಟ್ಟಿ ಹೋದೆ —

ನಿನ್ನ ಭಾವ ಶಿವಪ್ಪ ಜಾಮೀನು ಸಿಗುವವರೆಗೆ ನಾಲ್ಕು ತಿಂಗಳು ಒಳಗಿದ್ದ. ಅಮರೇಶಪ್ಪ ಬದುಕಿ ಬಂದ, ಆದರೆ ಆ ಹೊತ್ತಿನ ನೆನಪೇ ಅವನಿಗೆ ಉಳಿದಿರಲಿಲ್ಲ. ಲಿಂಗಸುಗೂರಿನ ಕೋರ್ಟಿನಲ್ಲಿ ನೀನು "ನಾ ಹಂಗ ಹೇಳಿಲ್ರಿ" ಎಂದಾಗ ಸರ್ಕಾರಿ ವಕೀಲರು, ಸಾಕ್ಷಿ ತಿರುಗಿಬಿದ್ದಾಳೆ ಎಂದರು. ಕೇಸು ಬಿದ್ದು ಶಿವಪ್ಪ ಖುಲಾಸೆಯಾದ. ಕಾಗದದಲ್ಲಿ ನಿನ್ನ ಹೆಬ್ಬೆಟ್ಟಿದ್ದುದರಿಂದ ನಿನ್ನ ಮಾತು ನಂಬಲಿಲ್ಲ, ನಿನ್ನನ್ನು ಕ್ಷಮಿಸಲೂ ಇಲ್ಲ. "ನನ್ನ ಕೊಲೆಗಾರ ಅಂತ ಬರಸಿದಾಕಿ ಮನ್ಯಾಗ ನೀರೂ ಕುಡಿಯಂಗಿಲ್ಲ" ಎಂದನಂತೆ. ಆ ಮಾತು ತಾಳದೆ ನೀವು ಊರು ಬಿಟ್ಟು ಮಸ್ಕಿಗೆ ಹೋದಿರಿ. ನನಗೆಲ್ಲ ತಿಳಿಯುತ್ತಿತ್ತು. ನಾನು ಒಂದು ಮಾತು ಆಡಿದ್ದರೆ — ಆಡಲಿಲ್ಲ. ಟೀಚರಮ್ಮನ ಇಂಗ್ಲಿಷಿಗೆ ಜನ ಕೊಡುತ್ತಿದ್ದ ಮರ್ಯಾದೆ ನನಗೆ ಬೇಕಾಗಿತ್ತು.

ಹೋದ ವಾರ ನಿನ್ನ ಮಗಳು ಸಾವಿತ್ರಿ ಲಾ ಕಾಲೇಜಿನ ಪುಸ್ತಕ ಹಿಡಿದು ನಮ್ಮ ಮನೆಗೆ ಬಂದಳು. "ಮೆನ್ಸ್ ರಿಯಾ ಅಂದ್ರೇನ್ರಿ ಅಜ್ಜಿ?" ಇಂಥ ಕೇಸಿಗೆ ಕೈ ಮಾಡಿದ್ದಷ್ಟೇ ಸಾಲದು, ಮನಸ್ಸಿನಲ್ಲೂ ಕೇಡಿರಬೇಕು, ಗಿಲ್ಟಿ ಮೈಂಡ್ — ಎಂದು ದೊಡ್ಡದಾಗಿ ವಿವರಿಸಿದೆ. ಅವಳು ಪೆನ್ನು ಕಚ್ಚುತ್ತ ಕೂತು ಕೇಳಿದಳು:

"ಹಂಗಾರ ದೊಡ್ಡಪ್ಪ ಮಾಡಿದ್ದು ಅದಲ್ಲ. ನಮ್ಮವ್ವ ಯಾಕ ಹಂಗ ಬರಸಿದ್ಲರೀ?"

ಹೆತ್ತ ಮಗಳೂ ಹಾಗೇ ನಂಬಿದ್ದಾಳೆ! ನಾನು "ಚಾ ಆರ್ತದ, ಕುಡಿ" ಎಂದೆ. ಈ ವಯಸ್ಸಿನಲ್ಲೂ ಅಷ್ಟೇ ನನ್ನ ಧೈರ್ಯ.

ನಿನ್ನೆ ಬಳಗಾನೂರಿಗೆ ಹೋಗಿ ಶಿವಪ್ಪನ ಮುಂದೆ ಎಲ್ಲ ಹೇಳಿದೆ. ಭತ್ತ ಹರವುತ್ತಿದ್ದವನು ಕೆಲಸ ಬಿಟ್ಟು ನನ್ನ ಹತ್ತಿರ ಬಂದ.

"ಇಷ್ಟ ವರ್ಷ ಎಲ್ಲಿ ಹೋಗಿದ್ರಿ ಟೀಚರಮ್ಮ?"

  ಆಮೇಲೆ ಅವನು ಟವೆಲಿನಿಂದ ಮುಖ ಒರೆಸಿಕೊಂಡು, ಬೇರೆ ಕಡೆ ನೋಡುತ್ತ ಕೇಳಿದ: "ಮಸ್ಕ್ಯಾಗ ನಾಗಮ್ಮನ ಮನಿ ಎಲ್ಲಿ ಬರ್ತದ್ರಿ?"

ಐತವಾರ ಬರುತ್ತಾನೆ ನಾಗಮ್ಮ. ನಾನೂ ಅವನ ಜೊತೆ ಬರುತ್ತೇನೆ. ನೀನು ನನ್ನನ್ನು ಬಾಗಿಲ ಹೊರಗೇ ನಿಲ್ಲಿಸಿದರೂ ನಿಲ್ಲುತ್ತೇನೆ, ಅವನನ್ನು ಮಾತ್ರ ಒಳಗೆ ಕರೆದುಕೋ.

ಸಾವಿತ್ರಿ, ಈ ಕಾಗದ ಓದುತ್ತಿರುವವಳು ನೀನೇ ಅಲ್ಲವೇ — ಅವ್ವನಿಗೆ ಒಂದಕ್ಷರವೂ ಬಿಡದೆ ಓದಿ ಹೇಳು. ಈ ಸಲ ನಾನು ಏನೂ ಕೂಡಿಸಿಲ್ಲ. ಸಹಿ ಇನ್ನೂ ಮಾಡಿಲ್ಲ. ನಾಗಮ್ಮ ಪೂರ್ತಿ ಕೇಳಿ, ನಡೆದದ್ದು ಹೀಗೇ ಎಂದ ಮೇಲೆ, ಅವಳ ಎದುರಿಗೇ ಮಾಡುತ್ತೇನೆ.