ಇರುವೆ ಕಚ್ಚದ ಚಡ್ಡಿ

ಮದುವೆಯಾಗಿ ಈ ಮನೆಗೆ ಬಂದ ಮೇಲೆ ನಮ್ಮ ಮಾವ ಚಿಕ್ಕಬಸಪ್ಪನವರು ಅಂಗಿ ಬಿಚ್ಚಿದ್ದನ್ನು ನಾನು ನೋಡಿಯೇ ಇರಲಿಲ್ಲ. ನಂಜನಗೂಡಿನ ಏಪ್ರಿಲ್ ಬಿಸಿಲಿನಲ್ಲಿ ಬೀದಿಯ ಗಂಡಸರೆಲ್ಲ ಬನಿಯನ್ನನ್ನು ಎದೆಯವರೆಗೆ ಸುತ್ತಿಕೊಂಡು ಹೊಟ್ಟೆಗೆ ಗಾಳಿ ಕೊಡುತ್ತ ಜಗುಲಿಯಲ್ಲಿ ಕೂತಿರುತ್ತಾರೆ. ನಮ್ಮ ಮಾವ ಮಾತ್ರ ತಮ್ಮ ದಿನಸಿ ಅಂಗಡಿಯಲ್ಲಿ ಕತ್ತಿನವರೆಗೂ ಗುಂಡಿ ಹಾಕಿಕೊಂಡು, ಬಿಸಿಲಿಗಿಟ್ಟ ಬೆಲ್ಲದಚ್ಚಿನ ಹಾಗೆ ಜಿನುಗುತ್ತ ಕೂತಿರುತ್ತಾರೆ. ಗಿರಾಕಿಗಳು ಇದನ್ನು ಗಾಂಭೀರ್ಯ ಅಂದುಕೊಂಡಿದ್ದರು. ಅತ್ತೆ ಚನ್ನಾಜಮ್ಮನವರ ಅಭಿಪ್ರಾಯ ಬೇರೆ.

"ಗಾಂಭೀರ್ಯನೂ ಇಲ್ಲ, ಮಣ್ಣೂ ಇಲ್ಲ. ನಾಚ್ಕೆ ಕಣವ್ವ. ಮದ್ವೇಲಾದ ನಾಚ್ಕೆ ಇನ್ನೂ ಓಗಿಲ್ಲ."

ಆ ಕಥೆಯನ್ನು ಅತ್ತೆ ಬಂದವರಿಗೆಲ್ಲ ಕಾಫಿಯ ಜೊತೆಗೆ ಕೊಡುತ್ತಾರೆ. ತಾಂಡವಪುರದ ಅವರ ತವರಿನಲ್ಲಿ ಅರಿಶಿನ ಹಚ್ಚುವಾಗ ಹೆಣ್ಣಿನ ಕಡೆಯ ಹೆಂಗಸರು ಮದುಮಗನ ಅಂಗಿ ತೆಗೆಸಿದರಂತೆ. ನೋಡಿದರೆ ಒಳಗೆ ಬನಿಯನ್ನು ಉಲ್ಟಾ. ಹೊಲಿಗೆಯೆಲ್ಲ ಹೊರಗೆ, ಕತ್ತಿನ ಹಿಂದೆ ಕಂಪನಿಯ ಚೀಟಿ ಕಿತ್ತ ಜಾಗದಲ್ಲಿ ತೂತು. ಅತ್ತೆಯ ಸೋದರತ್ತೆ ಅರಿಶಿನದ ಕೈಯನ್ನು ಸೊಂಟಕ್ಕಿಟ್ಟುಕೊಂಡು, "ಬನೀನೇ ನೆಟ್ಗೆ ಆಕಳಕ್ ಬರದೋನು ನಾಳೆ ತಾಳಿ ಯಾವ್ ಕಡೀಕ್ ಕಟ್ಟಾನು?" ಅಂದರಂತೆ. ಚಪ್ಪರದಡಿ ಇದ್ದವರೆಲ್ಲ ನಕ್ಕರು. ಅವತ್ತಿನಿಂದ ಮಾವನ ಅಂಗಿಯ ಗುಂಡಿ ಕತ್ತಿಗೇರಿತು.

"ಅವತ್ತೇ ತೀರ್ಮಾನ ಮಾಡ್ದೆ," ಎಂದು ಅತ್ತೆ ಮುಗಿಸುತ್ತಾರೆ. "ಇವ್ರ ಬನೀನು ಒಗ್ದು, ನೆಟ್ಗೆ ತಿರುಗ್ಸಿ, ಮಡಚಿಟ್ಟು ಕೊಡ್ತೀನಿ. ನೆಟ್ಗಾದ್ರು. ಆದ್ರೂ ಬಿಚ್ಚಾಗ ಉಲ್ಟಾನೇ ಬಿಚ್ಚಿ ಎಸೀತಾರೆ, ನೋಡು."

ಇದನ್ನೆಲ್ಲ ಹೇಳಬೇಕಾಗಿ ಬಂದದ್ದು ನನ್ನ ಮಗಳ ಚಡ್ಡಿಯ ದೆಸೆಯಿಂದ.

ಶಿವಾನಿಗೆ ಐದು ವರ್ಷ, ಯುಕೆಜಿ. ಅವಳಿಗೆ ಚಡ್ಡಿ ಆಗುವುದಿಲ್ಲ. ಸೈಜಿನ ಮಾತಲ್ಲ, ಚಡ್ಡಿ ಎಂಬ ವಸ್ತುವೇ ಆಗುವುದಿಲ್ಲ. ನನಗೆ ಡೈರಿ ಬರೆಯುವ ಅಭ್ಯಾಸ. ಹಳೆಯ ಡೈರಿಗಳಲ್ಲಿ ಮೋಡ, ಹೊಳೆ, ಒಂದೆರಡು ಸಾಲು ಕವಿತೆ ಇವೆ. ಈಚಿನದರಲ್ಲಿ ಪುಟ ತೆರೆದಲ್ಲೆಲ್ಲ ಚಡ್ಡಿ. ಬಜಾರಿನದು, ತೊಡೆಯ ಪಟ್ಟಿ ಕಿರಿಕಿರಿ. ಮೈಸೂರಿನ ದೊಡ್ಡ ಅಂಗಡಿಯ ಬಿದಿರುನಾರಿನದು, ಹೆಸರು ಮೃದು, ಎಲಾಸ್ಟಿಕ್ಕು ರಾಕ್ಷಸ. ಆನ್‌ಲೈನಿನದು, ಪ್ಯಾಕೆಟ್ಟಿನ ಮೇಲಿನ ಮಗು ನಗುತ್ತಿತ್ತು, ನಮ್ಮದು ಅದನ್ನು ದಾಸವಾಳದ ಗಿಡಕ್ಕೆಸೆಯಿತು. ತಿ. ನರಸೀಪುರದ ನನ್ನ ತವರಿನಿಂದ ಅಮ್ಮ ಹಳೆಯ ಪಂಚೆ ಹರಿದು ಲಾಡಿ ಹಾಕಿ ಹೊಲಿಸಿ ಕಳಿಸಿದ್ದು, ಬಟ್ಟೆ ಪಾಸು, ಲಾಡಿ ಫೇಲು. ಚೀಟಿಗಳನ್ನೆಲ್ಲ ಕತ್ತರಿಸಿ ಕತ್ತರಿಸಿ ನನ್ನ ಕೈಯಲ್ಲಿ ಎಲ್ಲ ಚಡ್ಡಿಗೂ ತೂತು ಬಿತ್ತು.

"ಇರುವೆ ಐತೆ ಅಮ್ಮ," ಅನ್ನುತ್ತಾಳೆ ಶಿವಾನಿ. ಅತ್ತೆ ಚಡ್ಡಿಯನ್ನು ಬೆಳಕಿಗೆ ಹಿಡಿದು, ಕೊಡವಿ, ಇರುವೆ ಸಿಗದೆ, ಬೀರುವಿನ ಸುತ್ತ ಇರುವೆ ಪುಡಿ ಹಾಕಿದರು. ಮೈಸೂರಿನ ಥೆರಪಿಸ್ಟ್ ಬಿಡಿಸಿ ಹೇಳಿದರು: ಕೆಲವು ಮಕ್ಕಳಿಗೆ ಮುಟ್ಟಿದ್ದು ಬೇರೆಯವರಿಗಿಂತ ಜಾಸ್ತಿ ತಿಳಿಯುತ್ತದೆ, ನಮಗೆ ದಾರವಾಗಿರುವುದು ಅವಳಿಗೆ ಹಗ್ಗ, ಇದು ಹಠವಲ್ಲ. ಮನೆಗೆ ಬಂದು ಇದನ್ನು ಹೇಳಿದಾಗ ಅತ್ತೆ ಅವರೆಕಾಯಿ ಸುಲಿಯುತ್ತ, "ನಮ್ ಕಾಲ್ದಲ್ಲಿ ಚಡ್ಡಿನೇ ಇರ್ನಿಲ್ಲ. ಲಂಗದೊಳಗೆ ಗಾಳಿ ಆಡ್ಕಂಡು ಆರಾಮಾಗಿದ್ವಿ. ಯಾಕೆ, ಈಗ್ಲೂ ನಾನು..." ಎಂದು ಶುರು ಮಾಡಿದರು.

"ಅತ್ತೆ, ಬೇಡ," ಅಂದೆ.

ನನ್ನ ಗಂಡ ಮಲ್ಲಿಕಾರ್ಜುನ್ ಅವಸರವಾಗಿ ಫ್ಯಾಕ್ಟರಿಯ ಶಿಫ್ಟಿಗೆ ಹೊರಟುಬಿಟ್ಟರು.

ಮನೆಯಲ್ಲಿ ಗಾಳಿ ಆಡಿಸಿಕೊಂಡಿರಬಹುದು, ಸ್ಕೂಲಿನಲ್ಲಿ ಆಗುವುದಿಲ್ಲವಲ್ಲ. ಒಂದು ದಿನ ಪ್ರಾರ್ಥನೆ ನಡೆಯುತ್ತಿರುವಾಗ ಶಿವಾನಿ ಚಡ್ಡಿ ಬಿಚ್ಚಿ ಕಿಟಕಿಯ ಸರಳಿಗೆ ನೇತುಹಾಕಿ, ಕೈಮುಗಿದು ನಿಂತು ಹಾಡು ಮುಗಿಸಿದಳು. ಕ್ಲಾಸಿನ ಕವನ ಮಿಸ್ ನನ್ನನ್ನು ಗೇಟಿನ ಹತ್ತಿರ ಪಕ್ಕಕ್ಕೆ ಕರೆದರು. "ಬೇಜಾರು ಮಾಡ್ಕೋಬೇಡಿ ಮೇಡಂ. ಇನ್ನೊಂದ್ಸಲ ಹಿಂಗಾದ್ರೆ ಈ ವರ್ಷ ಮನೇಲೇ ಇಟ್ಕೊಳ್ಳಿ ಅಂತ ಹೆಡ್ ಮಿಸ್ ಹೇಳಿದಾರೆ."

ಸ್ಕೂಲೆಂದರೆ ಅಳುವ ಮಗುವಾಗಿದ್ದರೆ ನಾನೂ ಹೂಂ ಅನ್ನುತ್ತಿದ್ದೆನೇನೋ. ಇವಳು ಭಾನುವಾರವೂ ಬ್ಯಾಗು ಹಾಕಿಕೊಂಡು ಅಡುಗೆಮನೆಯಲ್ಲಿ ಹಾಜರಿ ಹೇಳುವವಳು. ಅವಳ ಇಡೀ ವರ್ಷ ಒಂದು ಹೊಲಿಗೆಯ ಮೇಲೆ ನಿಂತಿತ್ತು.

ಆ ವಾರವೇ ಅಮ್ಮನ ಕಣ್ಣಿನ ಆಪರೇಷನ್ನು. ನಾನು ನರಸೀಪುರಕ್ಕೆ ಬೆಳಗಿನ ಬಸ್ಸು ಹಿಡಿದೆ. ಅತ್ತೆ ಸುತ್ತೂರಿಗೆ ನೆಂಟರ ಮನೆಗೆ ಹೋಗಿದ್ದರು, ನನ್ನ ಗಂಡನಿಗೆ ಮೊದಲ ಶಿಫ್ಟು. ಮಗುವನ್ನು ಹೊರಡಿಸುವ ಕೆಲಸ ಮಾವನ ಪಾಲಿಗೆ ಬಿತ್ತು. ದಿನವಿಡೀ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಸ್ಕೂಲಿನ ಫೋನಿಗಾಗಿ ಕಾದೆ. ಬರಲಿಲ್ಲ.

ಸಂಜೆ ಬಂದು ನೋಡಿದರೆ ಶಿವಾನಿ ಅಂಗಡಿಯ ಮುಂದೆ ಕುಂಟಾಬಿಲ್ಲೆ ಆಡುತ್ತಿದ್ದಾಳೆ, ಮೈಮೇಲೆ ಬೆಳಗಿನ ಚಡ್ಡಿ ಹಾಗೇ ಇದೆ. ಅದೂ ಬಜಾರಿನದು. ಅದೂ ಉಲ್ಟಾ.

"ಮಾವ, ಉಲ್ಟಾ ಹಾಕಿ ಕಳಿಸಿದ್ದೀರಲ್ಲ."

ಮಾವ ತಕ್ಕಡಿ ಒರೆಸುತ್ತಲೇ ಇದ್ದರು. "ಇರುವೆ ಅಂತು ಮಗ. ಒಲ್ಗೆ ಒರಕ್ಕೆ ಮಾಡ್ದೆ. ಸರೋಯ್ತು."

"ನಿಮಗೆ ಹೇಗೆ ಹೊಳೀತು?"

"ಗಿರಾಕಿ ಬಂದ್ರು ಕಣವ್ವ," ಅಂದರು. ಅಂಗಡಿಯ ಮುಂದೆ ಯಾರೂ ಇರಲಿಲ್ಲ.

ಅಲ್ಲಿಂದಾಚೆ ಉಲ್ಟಾ ಚಡ್ಡಿಯಲ್ಲಿ ನಮ್ಮ ದಿನಗಳು ನೆಟ್ಟಗೆ ನಡೆದವು. ಅತ್ತೆಯೊಬ್ಬರೇ ಒಗೆದಾಗಲೆಲ್ಲ ನೆಟ್ಟಗೆ ತಿರುಗಿಸಿ ಮಡಚಿ, "ಉಲ್ಟಾ ಅಂತೆ, ಉಲ್ಟಾ. ತಾತನ ಬುದ್ಧಿ ಮೊಮ್ಮಗಳಿಗೂ ಬಂತು," ಎಂದು ಗೊಣಗುತ್ತಿದ್ದರು. ನಾನು ಸದ್ದಿಲ್ಲದೆ ಮತ್ತೆ ತಿರುಗಿಸಿ ಹಾಕುತ್ತಿದ್ದೆ.

ಆಮೇಲೆ ಸ್ಕೂಲಿನಿಂದ ಫೋನು ಬಂತು. ಮಾವನ ಮೊಪೆಡ್ಡಿನಲ್ಲಿ ಓಡಿದೆವು. ಆಗಿದ್ದಿಷ್ಟೇ: ಸ್ಕೂಲಿನ ಆಯಮ್ಮ ಮಗುವನ್ನು ಟಾಯ್ಲೆಟ್ಟಿಗೆ ಕರೆದುಕೊಂಡು ಹೋದವರು, ಪಾಪ, ಚಡ್ಡಿ ಉಲ್ಟಾ ಇದೆ ಎಂದು ಅಕ್ಕರೆಯಿಂದ ನೆಟ್ಟಗೆ ಮಾಡಿ ಹಾಕಿದ್ದರು. ಶಿವಾನಿ ಅದನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದು, ಅತ್ತು ಅತ್ತು ಬಿಕ್ಕಳಿಸುತ್ತ ಹೆಡ್ ಮಿಸ್ ಕೋಣೆಯ ಮೂಲೆಯಲ್ಲಿ ನಿಂತಿದ್ದಳು. ಕವನ ಮಿಸ್ ಅವಳ ತಲೆ ಸವರುತ್ತಿದ್ದರು.

"ಮಗೂಗೆ ಬಟ್ಟೆ ನೆಟ್ಟಗೆ ಹಾಕಿ ಕಳಿಸೋಷ್ಟು ಪುರುಸೊತ್ತಿಲ್ವೇನ್ರಿ?" ಅಂದರು ಹೆಡ್ ಮಿಸ್.

ಬೇಕೆಂದೇ ಉಲ್ಟಾ ಹಾಕಿದ್ದು ಅಂದೆ. ಥೆರಪಿಸ್ಟ್ ಹೇಳಿದ ದಾರ, ಹಗ್ಗ ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡರು, ಆದರೆ ಮುಖ ಸಡಿಲಾಗಲಿಲ್ಲ. "ಹಿಂಗೆ ಉಲ್ಟಾ ಹಾಕ್ಕೊಂಡು ಬದುಕೋರನ್ನ ನೀವೆಲ್ಲಾದ್ರೂ ನೋಡಿದೀರಾ? ನಾನಂತೂ ನೋಡಿಲ್ಲ. ಇವತ್ತು ಇವಳನ್ನ ಕರ್ಕೊಂಡು ಹೋಗಿ. ಮುಂದಿನ ವರ್ಷ ನೋಡೋಣ."

ಶಿವಾನಿ ಬ್ಯಾಗನ್ನು ಎರಡು ಕೈಯಲ್ಲಿ ಅವುಚಿಕೊಂಡಳು.

ಬಾಗಿಲ ಹತ್ತಿರ ನಿಂತಿದ್ದ ಮಾವ ಮುಂದೆ ಬಂದರು. ಕತ್ತಿನ ಗುಂಡಿಗೆ ಕೈ ಹಾಕಿದರು. ಒಂದೊಂದೇ ಗುಂಡಿ ಬಿಚ್ಚುತ್ತ ಕೆಳಗಿಳಿದರು. ಕವನ ಮಿಸ್ ಫ್ಯಾನು ನೋಡತೊಡಗಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮಾವ ಅಂಗಿ ಕಳಚಿ ತೋಳಿನ ಮೇಲೆ ಹಾಕಿಕೊಂಡು ತಿರುಗಿ ನಿಂತರು. ಬನಿಯನ್ನು ಉಲ್ಟಾ. ಕತ್ತಿನ ಹಿಂದೆ ತೂತು, ಥೇಟ್ ನನ್ನ ಕತ್ತರಿಯ ತೂತಿನಂತೆಯೇ.

"ನೋಡಿಲ್ದಿದ್ರೆ ಈಗ್ ನೋಡಿ ಮಿಸ್," ಅಂದರು. "ಬುದ್ಧಿ ಬಂದಾಗಿಂದ ಇಂಗೇ. ಒಲ್ಗೆ ಒಳಕ್ ಬಂದ್ರೆ ಮೈಮ್ಯಾಲೆಲ್ಲ ಇರುವೆ ಅರ್ದಂಗಾಯ್ತದೆ. ಯಾರ್ಗೂ ಏಳಿಲ್ಲ. ಗಂಡ್ಸು ಬನೀನು ಚುಚ್ತದೆ ಅಂದ್ರೆ ಊರು ನಗ್ತದೆ. ಈ ಮಗೀಗೆ ಬಾಯೈತೆ, ಏಳ್ತಾ ಅವ್ಳೆ. ಅವ್ಳನ್ನ ಅಂಗೇ ಬುಟ್ಬುಡಿ."

ಶಿವಾನಿ ಮೂಲೆಯಿಂದ ಬಂದು ತಾತನ ಪಕ್ಕೆಯ ಹೊಲಿಗೆಯ ಮೇಲೆ ಬೆರಳಿಟ್ಟು ನೋಡಿದಳು.

"ತಾತ, ನಿಂಗೂ ಇರುವೆನಾ?"

"ಊಂ ಕಣವ್ವ. ನಂದು ದಪ್ಪಿರುವೆ, ಗೊದ್ದ."

ಹೆಡ್ ಮಿಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಯಜಮಾನ್ರೇ, ಮೊದ್ಲು ಅಂಗಿ ಹಾಕ್ಕೊಳ್ಳಿ," ಅಂದರು. ಆಮೇಲೆ ಬಾಗಿಲ ಕಡೆ ನೋಡಿ, "ಆಯಮ್ಮ, ಈ ಮಗೂಗೆ ಇನ್ಮೇಲೆ ಉಲ್ಟಾನೇ. ಬೇರೆಯವರಿಗೂ ಹೇಳಿಡಿ." ಶಿವಾನಿ ಅಲ್ಲೇ ಚಡ್ಡಿ ತಿರುಗಿಸಿ ಹಾಕಿಕೊಂಡು, ಬ್ಯಾಗೇರಿಸಿ, ನಮಗೆ ಟಾಟಾ ಕೂಡ ಹೇಳದೆ ಕ್ಲಾಸಿಗೆ ಓಡಿದಳು.

ಮನೆಯಲ್ಲಿ ಅತ್ತೆಗೆ ಹೇಳಿದ್ದು ನಾನೇ. ಅವರು ಒಗೆಯುವ ಕಲ್ಲಿನ ಹತ್ತಿರ ಕೂತುಬಿಟ್ಟರು.

"ಇಷ್ಟ್ ವರ್ಸ ನಾನ್ ನೆಟ್ಗ್ ಮಾಡಿ ಕೊಟ್ಟಿದ್ದು?"

"ತಿರುಗ್ಸಿ ಆಕತಿದ್ದೆ," ಅಂದರು ಮಾವ.

"ಬಾಯ್ ಬುಟ್ ಏಳಕ್ಕೇನ್ ದಾಡಿಯಾಗಿತ್ತು ನಿಮ್ಗೆ?"

"ನೀನು ಅಷ್ಟ್ ಆಸೆಯಿಂದ ಮಡಚಿಡ್ತಿದ್ದೆ."

ಅತ್ತೆ ಎದ್ದು ಬಕೆಟ್ಟನ್ನು ಅಗತ್ಯಕ್ಕಿಂತ ಜೋರಾಗಿ ಕುಕ್ಕಿದರು. ಅವತ್ತು ಇಡೀ ದಿನ ಮಾವನ ಜೊತೆ ಮಾತಾಡಲಿಲ್ಲ. ಮದುವೆಯ ಕಥೆಯನ್ನೂ ಆಮೇಲೆ ಯಾರಿಗೂ ಹೇಳಿದ್ದು ನಾನು ಕೇಳಿಲ್ಲ.

ಮಾರನೆಯ ದಿನ ನಮ್ಮ ಹಗ್ಗದ ಮೇಲೆ ಶಿವಾನಿಯ ಚಡ್ಡಿ, ಮಾವನ ಬನಿಯನ್ನು ಎಲ್ಲ ಹೊಲಿಗೆ ಹೊರಗೆ ಹಾಕಿಕೊಂಡು ತೂಗಾಡುತ್ತಿದ್ದವು. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ, "ಯಾಕಕ್ಕ, ಎಲ್ಲ ಉಲ್ಟಾ ಒಣಾಕಿದೀರಿ?" ಅಂದರು.

"ನೀನ್ ಆಕತೀಯಾ ಅವನ್ನ?" ಅಂದರು ಅತ್ತೆ. "ಆಕಳೋರು ಸುಮ್ನವ್ರೆ. ನೀನ್ಯಾಕವ್ವ ಮೈ ಪರಚ್ಕತೀಯ?"

ಸಂಜೆ ಮಾವ ಬರೀ ಬನಿಯನ್ನಿನಲ್ಲಿ ಜಗುಲಿಗೆ ಬಂದು ಕೂತರು. ಬೀದಿಯಲ್ಲಿ ಒಂದಿಬ್ಬರು ತಿರುಗಿ ನೋಡಿದರು. ಶಿವಾನಿ ಅವರ ಬೆನ್ನ ಹಿಂದೆ ನಿಂತು, ಕತ್ತಿನ ತೂತಿನೊಳಗೆ ಬೆರಳು ತೂರಿಸಿ, ಗೊದ್ದ ಎಲ್ಲಿದೆ ಎಂದು ಹುಡುಕುತ್ತಿದ್ದಳು.