ಲವಂಗ ಚುಚ್ಚಿದ ಎಲೆ

ಇಂಥ ಸಂಗತಿಗಳನ್ನು ನಾನು ನಂಬುವವನಲ್ಲ. ಧಾರವಾಡದ ಒಂದು ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ವಿಜ್ಞಾನ ಕಲಿಸಿದವನು. ಸಪ್ತಾಪುರದಲ್ಲಿ ಸಂಜೆ ವಾಕಿಂಗಿಗೆ ಜೊತೆಯಾಗುವ ಗೆಳೆಯರು ದೆವ್ವದ ಮಾತು ತೆಗೆದರೆ, "ನಿಮಗ ಪಿತ್ತ ಆಗೇದ್ರಿ, ಲಿಂಬಿಹಣ್ಣಿನ ಪಾನಕ ಕುಡೀರಿ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ಆ ಗೆಳೆಯರಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತಿದ್ದೇನೆ. ನಗುವುದಿದ್ದರೆ ನಗಿ, ನನ್ನ ಅಭ್ಯಂತರವಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಹೆಂಡತಿಯ ವರ್ಷಾಬ್ದಿಕ ಆಗಷ್ಟೇ ಮುಗಿದಿತ್ತು. ನಾನು ಗೋಡೆ ನೋಡುತ್ತ ಕೂತಿರುತ್ತೇನೆಂದು ಹುಬ್ಬಳ್ಳಿಯಲ್ಲಿರುವ ಮಗಳಿಗೆ ಚಿಂತೆ. ಕೇರಳಕ್ಕೆ ಹೋಗಿ ಹೌಸ್‌ಬೋಟಿನಲ್ಲಿ ಎರಡು ದಿನ ಇದ್ದು ಬರೋಣವೆಂದು ಅವಳೇ ಎಲ್ಲ ಗೊತ್ತುಮಾಡಿದಳು. ಹೊರಡುವ ಮುನ್ನಾದಿನ ಅವಳ ಅತ್ತೆ ಬಚ್ಚಲಲ್ಲಿ ಜಾರಿಬಿದ್ದರು. "ಬುಕಿಂಗ್ ಆಗೇದ ಅಪ್ಪಾ, ನೀನರ ಹೋಗಿ ಬಾ. ಮನ್ಯಾಗ ಒಬ್ಬನ ಕೂಡೂದಕ್ಕಿಂತ ನೀರಮ್ಯಾಲ ಒಬ್ಬನ ಕೂಡು" ಎಂದಳು. ಮಾತಿನಲ್ಲಿ ತಾಯಿಯನ್ನೇ ಹೋಲುತ್ತಾಳೆ. ನಾನು ಅವರಿಬ್ಬರ ಎದುರೂ ಗೆದ್ದವನಲ್ಲ.

ಬಟ್ಟೆಯ ಜೊತೆ ಎಲೆ ಅಡಿಕೆಯ ಸ್ಟೀಲಿನ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡೆ. ಊಟವಾದ ಮೇಲೆ ನನಗೆ ಎಲೆ ಬೇಕೇಬೇಕು, ಆದರೆ ಮಾಡಿಕೊಳ್ಳಲು ಬರುವುದಿಲ್ಲ. ಅವಳು ಎಲೆಯನ್ನು ಸೆರಗಿಗೆ ಒರೆಸಿ, ತೊಟ್ಟು ತುದಿ ಚಿವುಟಿ, ಬೆನ್ನಿನ ನಾರು ತೆಗೆದು, ಸುಣ್ಣ ಸವರಿ, ಮುಮ್ಮೂಲೆಯಾಗಿ ಮಡಚಿ ಲವಂಗ ಚುಚ್ಚಿ ಕೊಡುತ್ತಿದ್ದಳು. ನಾನು ಕೈಹಾಕಿದರೆ, "ಗ್ವಾಡಿಗಿ ಹಚ್ಚಿಧಂಗ ಹಚ್ಚತೀರಿ ಸುಣ್ಣಾ, ಇತ್ಲಾಗ ಕೊಡ್ರಿ" ಎಂದು ಕಸಿದುಕೊಳ್ಳುತ್ತಿದ್ದಳು. ಅವಳು ಹೋದ ಮೇಲೆ ಅವಳ ಮುಖ ಮರೆತೀತೆಂಬ ಭಯ ನನಗಿರಲಿಲ್ಲ, ಫೋಟೊಗಳಿವೆ. ಊಟದ ಮೇಲಿನ ಆ ರುಚಿ ಮರೆತುಹೋದರೆ ಏನು ಮಾಡುವುದು ಎಂಬ ಭಯ ಮಾತ್ರ ನಿಜವಾಗಿಯೂ ಇತ್ತು. ದಿನವೂ ನಾನೇ ಮಾಡಿ ನೋಡುತ್ತಿದ್ದೆ, ದಿನವೂ ನಾಲಿಗೆ ಸುಟ್ಟುಕೊಳ್ಳುತ್ತಿದ್ದೆ.

ಹೌಸ್‌ಬೋಟಿನಲ್ಲಿ ಎರಡು ಮಲಗುವ ಕೋಣೆ, ಮುಂದೆ ಊಟದ ಮೇಜು, ಹಿಂದೆ ಅಡುಗೆಮನೆ. ನಾನು, ಬೋಟು ನಡೆಸುವವನು ಮತ್ತು ಅಡುಗೆಯವನು, ಮೂರೇ ಜನ. ಅವರಿಗೆ ಕನ್ನಡ ಬಾರದು, ನನಗೆ ಮಲಯಾಳ ಬಾರದು. ನನ್ನ ಹರಕು ಹಿಂದಿಗೆ ಅವರು ಮುಗುಳ್ನಗುತ್ತಿದ್ದರು. ಎದುರಿಗೆ ಬರುವ ಬೋಟುಗಳಲ್ಲಿ ಮಕ್ಕಳು, ಹಾಡು, ಸೆಲ್ಫಿ. ಅವರು ಕೈಬೀಸಿದರೆ ನಾನೂ ಬೀಸುತ್ತಿದ್ದೆ. ಆರು ಕುರ್ಚಿಗಳ ಮೇಜಿಗೆ ಒಬ್ಬನೇ ಕೂತು ಉಣ್ಣುವಾಗ, ಮನೆಯ ಗೋಡೆಯೇ ಇದಕ್ಕಿಂತ ಛಲೋ ಇತ್ತು ಅನ್ನಿಸಿತು.

ಮಧ್ಯಾಹ್ನ ಬೋಟನ್ನು ದಂಡೆಗೆ ಕಟ್ಟಿ ನನಗೆ ಬಡಿಸಿದರು. ಆಮೇಲೆ ಅವರಿಬ್ಬರೂ ಹಿಂದೆ ಊಟಕ್ಕೆ ಕೂತರು. ನಾನು ಡಬ್ಬಿ ತೆಗೆದು ಎಲೆ ಮಾಡಿಕೊಂಡೆ. ಎಂದಿನಂತೆ ಸುಣ್ಣ ಹೆಚ್ಚಾಗಿ ಬಾಯಿ ಉರಿಯಿತು. ನೀರಿಗೆ ಉಗುಳಿ, ಡಬ್ಬಿ ಮುಚ್ಚಿ, ಬಾಯಿ ತೊಳೆಯಲು ಕೋಣೆಯೊಳಗೆ ಹೋದೆ. ಕನ್ನಡಿಯ ಮುಂದೆ ಸ್ವಲ್ಪ ಅತ್ತದ್ದೂ ಖರೆ. ಹೊರಗೆ ಬಂದಾಗ ಡಬ್ಬಿಯ ಮುಚ್ಚಳದ ಮೇಲೆ ಮಡಚಿದ ಒಂದು ಎಲೆ ಇತ್ತು. ಮುಮ್ಮೂಲೆ, ನಡುವೆ ಲವಂಗ.

ನನ್ನ ಡಬ್ಬಿಯಲ್ಲಿ ಲವಂಗ ಮುಗಿದು ಎಷ್ಟೋ ತಿಂಗಳಾಗಿತ್ತು. ಹಿಂದೆ ಹೋಗಿ ಕೇಳಿದೆ. ಇಬ್ಬರೂ ತಟ್ಟೆಯ ಮುಂದೆಯೇ ಇದ್ದರು, ಕೈಗೆ ಅನ್ನ ಸಾರು ಮೆತ್ತಿತ್ತು. ಅಡುಗೆಯವನು ಊಟದಲ್ಲಿ ಏನೋ ತಪ್ಪಾಯಿತೆಂದು ಗಾಬರಿಯಾಗಿ ಎದ್ದುನಿಂತ. ಅವನಿಗೆ ಏನೆಂದು ತಿಳಿಸಲಿ? ಕೂತು ಉಣ್ಣು ಎಂದು ಸನ್ನೆ ಮಾಡಿ ಮರಳಿ ಬಂದೆ. ದಂಡೆಯಲ್ಲಿ ಬಾತುಕೋಳಿಗಳ ಹೊರತು ಯಾರೂ ಇರಲಿಲ್ಲ.

ವಿಜ್ಞಾನದ ಮಾಸ್ತರನಾದವನು ಆಗ ಫೋಟೊ ತೆಗೆಯಬೇಕಿತ್ತು. ಕನಿಷ್ಠ ಬಿಚ್ಚಿಯಾದರೂ ನೋಡಬೇಕಿತ್ತು. ನಾನು ಎತ್ತಿ ಬಾಯಿಗೆ ಹಾಕಿಕೊಂಡೆ. ತೊಟ್ಟಿಲ್ಲ, ನಾರಿಲ್ಲ, ಸುಣ್ಣ ಎಷ್ಟು ಬೇಕೋ ಅಷ್ಟೇ. ಅದೇ ರುಚಿ. ಕಣ್ಣು ಮುಚ್ಚಿ ಸಾವಕಾಶವಾಗಿ ಅಗಿದೆ, ಮುಗಿಯಬಾರದು ಎಂದುಕೊಂಡರೂ ಮುಗಿಯಿತು. ಮರುದಿನ ಊಟವಾದ ಮೇಲೆ ಬೇಕೆಂದೇ ಡಬ್ಬಿಯನ್ನು ಮೇಜಿನ ಮೇಲಿಟ್ಟು ಒಳಗೆ ಹೋಗಿ ಬಹಳ ಹೊತ್ತು ಕಾದೆ. ಮುಚ್ಚಳ ಬರಿದಾಗಿತ್ತು. ಅದು ಏನು, ಯಾರು ಇಟ್ಟರು, ಇವತ್ತಿಗೂ ನನಗೆ ತಿಳಿದಿಲ್ಲ.

ಊರಿಗೆ ಬಂದು ಮಗಳಿಗೆ ಮಾತ್ರ ಹೇಳಿದೆ. "ಅಡಗಿಯಂವ ಮಾಡಿಟ್ಟಿರ್ತಾನ. ಇಲ್ಲಾ, ನೀನ ಮಾಡಿ ಮರ್ತಿರ್ತಿ" ಎಂದಳು. ಡಬ್ಬಿಯನ್ನು ನನ್ನ ಮುಂದೆ ಸರಿಸಿ, "ಹಂಗಾರ ಈಗ ಒಂದು ಮಾಡು, ನೋಡೂಣು" ಎಂದಳು. ಮಾಡಿದೆ. ಮಡಿಕೆ ಕೈಯಲ್ಲೇ ಬಿಚ್ಚಿಕೊಂಡು ಸುಣ್ಣ ಬೆರಳಿಗೆ ಮೆತ್ತಿತು. ಅವಳು ನಗಲಿಲ್ಲ. ಸೆರಗಿನಿಂದ ನನ್ನ ಬೆರಳು ಒರೆಸುತ್ತ ಕೇಳಿದಳು:

"ಖರೇನ ಅವ್ವನ ಕೈದ ರುಚಿ ಇತ್ತೇನು?"

"ಇತ್ತವಾ."

ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಆಮೇಲೆ ಮುಖ ಆಚೆ ತಿರುಗಿಸಿ, "ನನಗ ಒಂಚೂರರ ಇಡಬೇಕಿತ್ತಲ್ಲಪ್ಪಾ" ಎಂದಳು.